ಕಾದಂಬರಿಕಾರನೂ ವಾಚಕಋಣವೂ

ಮನುಷ್ಯನು ಹುಟ್ಟುವಾಗಲೇ ದೇವಋಣ, ಋಷಿಋಣ, ಪಿತೃಋಣ ಎಂಬ ಮೂರು ಋಣಗಳನ್ನು ಹೊತ್ತು ಬರುತ್ತಾನೆಂದು ನಮ್ಮ ಹಿರಿಯರು ಹೇಳುತ್ತಾರೆ. ಕಾದಂಬರಿಕಾರನಿಗೆ ಇವುಗಳೊಂದಿಗೆ ನಾಲ್ಕನೆಯ ಋಣವೊಂದುಂಟು, ಅದನ್ನು ವಾಚಕಋಣವೆನ್ನಬಹುದು. ಒಂದೇ ಕಥೆಯನ್ನು ಬರೆದು ಮುಗಿಸುವವನಿಗೆ ಇದರ ಭಾರ ಅಷ್ಟಾಗಿ ತಿಳಿಯದು. ಒಂದೇ ಪಾತ್ರವನ್ನು ಪುಸ್ತಕದಿಂದ ಪುಸ್ತಕಕ್ಕೆ, ವರ್ಷದಿಂದ ವರ್ಷಕ್ಕೆ ನಡೆಸಿಕೊಂಡು ಹೋಗುವವನಿಗಾದರೋ ಅದು ಬಡ್ಡಿಯೊಡನೆ ಬೆಳೆಯುತ್ತದೆ. ಮೊದಲನೆಯ ಪುಸ್ತಕದಲ್ಲಿ ಆಡಿದ ಮಾತಿಗೆ ಐದನೆಯ ಪುಸ್ತಕದಲ್ಲಿ ಅವನು ಬದ್ಧನೇ? ಬದ್ಧನಾದರೆ ಎಷ್ಟರಮಟ್ಟಿಗೆ? ಈ ಪ್ರಶ್ನೆಗೆ ಸಾಹಿತ್ಯಚರಿತ್ರೆಯು ಕೊಡುವ ಉತ್ತರವನ್ನು ಪರಿಶೀಲಿಸುವುದು ಈ ಭಾಷಣದ ಉದ್ದೇಶ.

ಕಥೆಯು ಬಾಯಿಂದ ಬಾಯಿಗೆ ಹರಿಯುತ್ತಿದ್ದ ಕಾಲದಲ್ಲಿ ಇಂಥ ವಿಚಾರಣೆಗೆ ಹೆಚ್ಚು ಅವಕಾಶವಿರಲಿಲ್ಲ. ಹರಿಕಥೆಯವರು ನಿನ್ನೆ ಒಂದು ರೀತಿಯಾಗಿ ಹೇಳಿದ್ದನ್ನು ಇಂದು ಇನ್ನೊಂದು ರೀತಿಯಾಗಿ ಹೇಳಿದರೆ, ಕೇಳುವವರು ರಸವನ್ನು ನೋಡುತ್ತಾರೆಯೇ ಹೊರತು ಲೆಕ್ಕವನ್ನು ನೋಡುವುದಿಲ್ಲ. ಅಚ್ಚಿನ ಯಂತ್ರವು ಈ ಸ್ಥಿತಿಯನ್ನು ಮಾರ್ಪಡಿಸಿತು. ಒಂದೇ ಪುಸ್ತಕದ ನೂರಾರು ಪ್ರತಿಗಳು ನೂರಾರು ಮನೆಗಳನ್ನು ಸೇರಿದ ಮೇಲೆ, ಹತ್ತನೆಯ ಪುಟವನ್ನೂ ನೂರನೆಯ ಪುಟವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವ ಅಧಿಕಾರ ವಾಚಕನ ಕೈಗೆ ಬಂದಿತು. ಈ ಅಧಿಕಾರದ ಬಿಸಿಯನ್ನು ಚೆನ್ನಾಗಿ ಅನುಭವಿಸಿದವರಲ್ಲಿ ಸ್ಪೇನ್ ದೇಶದ ಸರ್ವಾಂಟಿಸನು ಒಬ್ಬನು.

ಅವನ ‘ಡಾನ್ ಕ್ವಿಕ್ಸೋಟ್’ ಗ್ರಂಥದ ಮೊದಲನೆಯ ಭಾಗವು 1605ರಲ್ಲಿ ಮ್ಯಾಡ್ರಿಡ್ ನಗರದಲ್ಲಿ ಅಚ್ಚಾಯಿತು. ಅದರಲ್ಲಿ ಒಂದು ಕತ್ತೆಯ ಪ್ರಕರಣವಿದೆ. ನಾಯಕನ ಅನುಚರನಾದ ಸಾಂಕೋ ಪಾಂಜಾ ಏರಿ ಬರುವ ಕತ್ತೆ ಅದು. ಕಥೆಯ ನಡುವೆ ಸಾಂಕೋ ತನ್ನ ಕತ್ತೆ ಹೋಯಿತೆಂದು ಇದ್ದಕ್ಕಿದ್ದಂತೆ ಮರುಗುತ್ತಾನೆ; ಆದರೆ ಅದು ಕಳುವಾದ ಸಂಗತಿಯೇ ಪುಸ್ತಕದಲ್ಲಿಲ್ಲ. ಕೆಲವು ಅಧ್ಯಾಯಗಳು ಕಳೆದ ಮೇಲೆ ಕತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ; ಎಲ್ಲಿಂದ ಬಂತೆಂಬ ಮಾತೂ ಇಲ್ಲ. ಅದೇ ವರ್ಷ ಎರಡನೆಯ ಮುದ್ರಣವಾದಾಗ, ಕಳ್ಳತನದ ವೃತ್ತಾಂತವೂ ಕತ್ತೆ ಮರಳಿ ದೊರೆತ ವೃತ್ತಾಂತವೂ ಹೊಸದಾಗಿ ಸೇರಿದುವು. ತೇಪೆಯನ್ನು ಹಾಕಿದ ಸ್ಥಳ ಮಾತ್ರ ಸರಿಯಾಗಲಿಲ್ಲ. ಕತ್ತೆ ಕಳುವಾಯಿತೆಂದು ಓದಿದ ವಾಚಕನು, ಸ್ವಲ್ಪ ಮುಂದೆ ಹೋಗುವುದರೊಳಗಾಗಿ ಸಾಂಕೋ ಅದೇ ಕತ್ತೆಯ ಮೇಲೆ ಕುಳಿತಿರುವುದನ್ನು ಕಾಣಬೇಕಾಯಿತು.

1615ರಲ್ಲಿ ಎರಡನೆಯ ಭಾಗವು ಹೊರಬಂದಾಗ ಸರ್ವಾಂಟಿಸನು ಈ ತಪ್ಪನ್ನು ಮರೆಮಾಡಲಿಲ್ಲ. ತಮ್ಮ ಚರಿತ್ರೆಯು ಅಚ್ಚಾಗಿ ಜನರ ಕೈಸೇರಿದೆಯೆಂಬ ಸುದ್ದಿ ಕ್ವಿಕ್ಸೋಟನಿಗೂ ಸಾಂಕೋವಿಗೂ ತಿಳಿಯುತ್ತದೆ. ಸಾಲಮಾಂಕಾ ವಿಶ್ವವಿದ್ಯಾನಿಲಯದಲ್ಲಿ ಓದಿ ಬಂದ ಕರಾಸ್ಕೋ ಎಂಬ ಪದವೀಧರನು ವಾಚಕರ ಆಕ್ಷೇಪಗಳನ್ನು ಅವರ ಮುಂದಿಡುತ್ತಾನೆ. ಕತ್ತೆಯನ್ನು ಕದ್ದವನು ಯಾರು? ಸಾಂಕೋವಿಗೆ ದೊರೆತ ನೂರು ನಾಣ್ಯಗಳು ಏನಾದುವು? ನಿದ್ದೆಯಲ್ಲಿದ್ದ ತನ್ನ ಜೀನಿಗೆ ನಾಲ್ಕು ಗೂಟಗಳ ಆಸರೆ ಕೊಟ್ಟು, ಕಳ್ಳನು ಕೆಳಗಿನಿಂದ ಕತ್ತೆಯನ್ನು ಹೊಡೆದುಕೊಂಡು ಹೋದನೆಂದು ಸಾಂಕೋ ವಿವರಿಸುತ್ತಾನೆ. ಹಣವು ತನ್ನ ಸಂಸಾರಕ್ಕೆ ವೆಚ್ಚವಾಯಿತೆಂದು ಲೆಕ್ಕ ಒಪ್ಪಿಸುತ್ತಾನೆ. ಹಾಗಾದರೆ ಕತ್ತೆ ಸಿಕ್ಕುವ ಮೊದಲೇ ಅದರ ಮೇಲೆ ಸವಾರಿ ಮಾಡಿದ್ದು ಹೇಗೆಂದು ಕರಾಸ್ಕೋ ಪಟ್ಟುಹಿಡಿದರೆ, ಬರೆದವನು ಮರೆತಿರಬೇಕು, ಇಲ್ಲವೆ ಅಚ್ಚುಹಾಕಿದವನು ಅಜಾಗರೂಕನಾಗಿರಬೇಕು ಎಂದು ಹೇಳಿ ಕೈತೊಳೆದುಕೊಳ್ಳುತ್ತಾನೆ. ತಪ್ಪಿನ ಹೊರೆಯನ್ನು ಮುದ್ರಣಾಲಯದ ಮೇಲೆ ಹೊರಿಸುವ ಪದ್ಧತಿ ಈಚಿನದಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಇದಕ್ಕಿಂತ ಗಂಭೀರವಾದ ಮತ್ತೊಂದು ಸಂದರ್ಭವಿದೆ. 1614ರಲ್ಲಿ ಆವೆಲ್ಯಾನೇಡಾ ಎಂಬ ಹುಸಿ ಹೆಸರಿನವನೊಬ್ಬನು ಕ್ವಿಕ್ಸೋಟನ ಎರಡನೆಯ ಭಾಗವೆಂದು ತನ್ನದೊಂದು ಪುಸ್ತಕವನ್ನು ಪ್ರಕಟಿಸಿದನು. ಸರ್ವಾಂಟಿಸನ ನಾಯಕನು ಛತ್ರವೊಂದರಲ್ಲಿ ಈ ಪುಸ್ತಕದ ಸುದ್ದಿಯನ್ನು ಕೇಳುತ್ತಾನೆ. ಅವನನ್ನು ಮೊಟ್ಟಮೊದಲು ಕೆರಳಿಸಿದ ಸಂಗತಿ ಯಾವುದು? ಡಲ್ಸಿನಿಯಾಳ ಮೇಲಿನ ಅವನ ಪ್ರೇಮ ಅಳಿದುಹೋಯಿತೆಂದು ಆ ಪುಸ್ತಕವು ಹೇಳಿತ್ತು. ಅದು ಸುಳ್ಳೆಂದು ಅವನು ಗರ್ಜಿಸುತ್ತಾನೆ. ಕಳ್ಳಪ್ರತಿಯ ನಾಯಕನು ಹೋಗಿದ್ದ ಜರಗೋಜಾ ನಗರಕ್ಕೆ ತಾನು ಕಾಲಿಡುವುದಿಲ್ಲವೆಂದು ದಾರಿಯನ್ನೇ ಬದಲಾಯಿಸಿ ಬಾರ್ಸಿಲೋನಾಕ್ಕೆ ಹೋಗುತ್ತಾನೆ. ಸಾಂಕೋವಿನ ಹೆಂಡತಿಯ ಹೆಸರನ್ನು ಮಾರೀ ಗುಟಿಯೆರ್ರೆಸ್ ಎಂದು ಬರೆದದ್ದಕ್ಕಾಗಿಯೂ ಆ ಲೇಖಕನಿಗೆ ಛೀಮಾರಿಯಾಗುತ್ತದೆ. ಅವಳ ಹೆಸರು ತೆರೇಸಾ ಅಲ್ಲವೇ? ವಿನೋದವೆಂದರೆ, ಮೊದಲನೆಯ ಭಾಗದಲ್ಲಿ ಸರ್ವಾಂಟಿಸನೇ ಆಕೆಯನ್ನು ಒಮ್ಮೆ ಜುವಾನಾ ಎಂದೂ ಒಮ್ಮೆ ಮಾರೀ ಎಂದೂ ಕರೆದಿದ್ದನು. ಹೆಸರಿನ ವಿಷಯದಲ್ಲಿ ಅವನೂ ಅಪರಾಧಿಯೇ. ಆದರೆ ಪ್ರೇಮದ ವಿಷಯದಲ್ಲಿ ಅವನು ತನ್ನ ನಾಯಕನಿಗೆ ದ್ರೋಹ ಬಗೆಯಲಿಲ್ಲ.

ಋಣವನ್ನು ಕಾಸುಕಾಸಾಗಿ ತೀರಿಸಲು ಹೊರಟವನು ಫ್ರಾನ್ಸ್ ದೇಶದ ಬಾಲ್ಜಾಕನು. ಒಂದು ಕಾದಂಬರಿಯ ಪಾತ್ರಗಳು ಇನ್ನೊಂದರಲ್ಲಿ ಬಂದುಹೋಗುವಂತೆ ಮಾಡಿ, ಇಡೀ ಸಮಾಜವನ್ನೇ ಕಟ್ಟಬೇಕೆಂಬುದು ಅವನ ಸಂಕಲ್ಪವಾಗಿತ್ತು. 1834ರಲ್ಲಿ ‘ಗೋರಿಯೋ’ ಕಾದಂಬರಿಯನ್ನು ಬರೆಯುತ್ತಿದ್ದಾಗ, ತರುಣ ವಿದ್ಯಾರ್ಥಿಗೆ ಮೊದಲು ಕೊಟ್ಟಿದ್ದ ಹೆಸರನ್ನು ಹೊಡೆದುಹಾಕಿ, 1831ರ ತನ್ನ ಮತ್ತೊಂದು ಕೃತಿಯಲ್ಲಿ ಬಂದಿದ್ದ ರಾಸ್ತಿನ್ಯಾಕ್ ಎಂಬ ಹೆಸರನ್ನಿಟ್ಟನು. ಬಳಿಕ ಹಳೆಯ ಪುಸ್ತಕಗಳನ್ನು ಮರುಮುದ್ರಿಸುವಾಗಲೆಲ್ಲ ಹೆಸರುಗಳನ್ನು ಹೊಂದಿಸುತ್ತ ಬಂದನು. 1842ರಿಂದ ಹೊರಟ ಸಮಗ್ರ ಆವೃತ್ತಿಯ ತನ್ನ ಸ್ವಂತ ಪ್ರತಿಯ ಅಂಚುಗಳಲ್ಲಿಯೂ ತಿದ್ದುಪಡಿಗಳನ್ನು ಬರೆಯುತ್ತಿದ್ದನು. 1850ರಲ್ಲಿ ಅವನು ತೀರಿಕೊಂಡಾಗ ತೊಡಕುಗಳು ಇನ್ನೂ ಉಳಿದಿದ್ದುವು. ಎರಡು ಸಾವಿರಕ್ಕೂ ಹೆಚ್ಚು ಪಾತ್ರಗಳ ಜಾತಕವನ್ನು ಒಬ್ಬನ ನೆನಪು ಹಿಡಿದಿಡುವುದು ಅಸಾಧ್ಯವೇ ಸರಿ.

ಇದಕ್ಕೆ ತೀರ ವಿರುದ್ಧವಾದ ಮನೋಧರ್ಮದವನು, ಷೆರ್ಲಾಕ್ ಹೋಮ್ಸನ ಸೃಷ್ಟಿಕರ್ತನಾದ ಸರ್ ಆರ್ಥರ್ ಕೋನನ್ ಡಾಯ್ಲನು. 1887ರ ಮೊದಲ ಕಥೆಯಲ್ಲಿ ಡಾಕ್ಟರ್ ವ್ಯಾಟ್ಸನನಿಗೆ ಆಫ್ಘನ್ ಯುದ್ಧದಲ್ಲಿ ಗುಂಡು ತಗುಲಿದ್ದು ಹೆಗಲಿಗೆ. 1890ರ ಎರಡನೆಯ ಕಥೆಯಲ್ಲಿ ನೋವು ಇರುವುದು ಕಾಲಿನಲ್ಲಿ. ಅವನ ಹೆಸರು ಜಾನ್. 1891ರ ಕಥೆಯೊಂದರಲ್ಲಿ ಅವನ ಹೆಂಡತಿಯೇ ಅವನನ್ನು ಜೇಮ್ಸ್ ಎನ್ನುತ್ತಾಳೆ. 1893ರ ಕಥೆಯಲ್ಲಿ ಮೋರಿಯಾರ್ಟಿಯ ಹೆಸರನ್ನೇ ಕೇಳಿರದಿದ್ದ ವ್ಯಾಟ್ಸನನು, ಅದಕ್ಕೂ ಹಿಂದೆ ನಡೆದ ಘಟನೆಯೆಂದು 1914ರಲ್ಲಿ ಬರೆದ ಕಥೆಯಲ್ಲಿ ಆ ದುಷ್ಟನನ್ನು ಚೆನ್ನಾಗಿ ಬಲ್ಲನು. ಒಂದು ರೈಲುದಾರಿಯಲ್ಲಿ ಎರಡನೆಯ ಹಳಿಯೇ ಇಲ್ಲವೆಂದು ಸಂಪಾದಕನೊಬ್ಬನು ಗಾಬರಿಪಟ್ಟಾಗ, ತಾನೇ ಒಂದನ್ನು ಹಾಕಿಸುವುದಾಗಿ ಉತ್ತರಕೊಟ್ಟ ಧೀರನಿವನು.

ವಾಚಕರು ಈ ಉಪೇಕ್ಷೆಯಿಂದ ಸಿಟ್ಟಾಗಲಿಲ್ಲ, ಆಟವಾಡತೊಡಗಿದರು. 1911ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ವಿದ್ವಾಂಸನು, ಬೈಬಲ್ ಗ್ರಂಥವನ್ನು ಶೋಧಿಸುವ ಪಂಡಿತರ ಧಾಟಿಯಲ್ಲಿ, ಈ ಕಥೆಗಳ ಪೂರ್ವಾಪರ ವಿರೋಧಗಳನ್ನು ಕುರಿತು ಆಕ್ಸ್‌ಫರ್ಡಿನಲ್ಲಿ ಪರಿಹಾಸದ ಪ್ರಬಂಧವೊಂದನ್ನು ಓದಿದನು. ಡಾಯ್ಲನು ಬೆರಗಾಗಿ, ಹಿಂದಿನದನ್ನು ತಿರುಗಿ ನೋಡದೆ ಬಿಡಿಬಿಡಿಯಾಗಿ ಬರೆದ ಕಥೆಗಳಾದುದರಿಂದ ನಾಕ್ಸನಿಗೆ ಅವು ತನಗಿಂತ ಹೆಚ್ಚಾಗಿ ತಿಳಿದಿವೆಯೆಂದು 1912ರಲ್ಲಿ ಅವನಿಗೆ ಕಾಗದ ಬರೆದನು. ಡೊರೊತಿ ಸೇಯರ್ಸ್ ಎಂಬ ಲೇಖಕಿಯು, ವ್ಯಾಟ್ಸನನ ನಡುಹೆಸರು ಹೇಮಿಷ್ ಆಗಿರಬೇಕು, ಅದು ಜೇಮ್ಸ್ ಎಂಬುದರ ಸ್ಕಾಟ್ಲೆಂಡಿನ ರೂಪ ಎಂದು ವಾದಿಸಿ ಹೆಂಡತಿಯ ಮಾತನ್ನು ಸಮರ್ಥಿಸಿದಳು. ಹೀಗೆ ಲೇಖಕನ ಸಾಲವನ್ನು ವಾಚಕರೇ ತೀರಿಸಿದರು.

ಆದರೆ ಅವರು ತೀರಿಸಲಾರದ ಸಾಲವೊಂದು ಉಳಿಯಿತು. ತಾನು ಹೆಚ್ಚಾಗಿ ಬೆಲೆಗೊಟ್ಟಿದ್ದ ಐತಿಹಾಸಿಕ ಕಾದಂಬರಿಗಳಿಗೆ ಹೋಮ್ಸನು ಅಡ್ಡಬಂದನೆಂದು, ಡಾಯ್ಲನು 1893ರ ಡಿಸೆಂಬರಿನಲ್ಲಿ ಅವನನ್ನು ಸ್ವಿಟ್ಜರ್ಲೆಂಡಿನ ಜಲಪಾತವೊಂದರಲ್ಲಿ ಕೊನೆಗಾಣಿಸಿದ್ದನು. ಜನರ ಒತ್ತಾಯವೂ ಪ್ರಕಾಶಕರ ಹಣವೂ ಸೇರಿ 1903ರಲ್ಲಿ ಅವನನ್ನು ಬದುಕಿಸಿದುವು. ಅವನು ಪ್ರಪಾತಕ್ಕೆ ಬಿದ್ದೇ ಇರಲಿಲ್ಲವೆಂದು ಕಥೆ ಕಟ್ಟಲಾಯಿತು. ಕಾರ್ನ್‌ವಾಲ್ ಪ್ರಾಂತದ ಅಂಬಿಗನೊಬ್ಬನು ತನಗೆ ಹೇಳಿದ ಮಾತನ್ನು ಡಾಯ್ಲನು 1924ರ ಆತ್ಮಚರಿತ್ರೆಯಲ್ಲಿ ದಾಖಲೆಮಾಡಿದ್ದಾನೆ: ಹೋಮ್ಸನು ಅಲ್ಲಿ ಸಾಯದೆ ಇದ್ದಿರಬಹುದು, ಆದರೂ ಆಮೇಲೆ ಅವನು ಮೊದಲಿನ ಮನುಷ್ಯನಾಗಿರಲಿಲ್ಲ ಎಂಬುದು ಅದರ ಸಾರಾಂಶ. ಹೆಗಲಿನ ಗಾಯ ಕಾಲಿಗೆ ಇಳಿದದ್ದು ಆ ಅಂಬಿಗನಿಗೆ ತಿಳಿದಿತ್ತೋ ಇಲ್ಲವೋ. ಅವನ ದೂರು ಅದಲ್ಲ. ತನಗೆ ಪರಿಚಿತನಾದ ವ್ಯಕ್ತಿಯನ್ನು ಅವನು ಅರಸಿದನು, ಪೂರ್ತಿಯಾಗಿ ಕಾಣಲಿಲ್ಲ.

ಈ ಉದಾಹರಣೆಗಳಿಂದ ವಾಚಕಋಣವು ಎರಡು ವಿಧವಾದುದೆಂದು ತಿಳಿಯುತ್ತದೆ. ತಿಥಿ, ಹೆಸರು, ಗಾಯ, ಕತ್ತೆ ಇವುಗಳ ಋಣ ಒಂದು. ಎಚ್ಚರಿಕೆಯಿಂದಿರುವುದು ಲೇಖಕನಿಗೆ ಭೂಷಣ. ತಪ್ಪಿದರೆ ಸರ್ವಾಂಟಿಸನಂತೆ ಒಪ್ಪಿಕೊಂಡು ನಕ್ಕರೆ ಸಾಕು. ಪಾತ್ರದ ಸ್ವಭಾವದ ಋಣ ಎರಡನೆಯದು. ಅದಕ್ಕೆ ಮನ್ನಣೆ ಸುಲಭವಾಗಿ ದೊರೆಯುವುದಿಲ್ಲ. ನಮ್ಮ ಆಲಂಕಾರಿಕರು ಇದನ್ನು ಔಚಿತ್ಯದಲ್ಲಿ ಅಡಕಮಾಡಿದರು; 11ನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಪ್ರಾಣವೆಂದೇ ಎಣಿಸಿದನು. ಪಾತ್ರವು ಬದಲಾಗಕೂಡದೆಂದು ಇದರ ಅರ್ಥವಲ್ಲ. ರಾಸ್ತಿನ್ಯಾಕನು ಬಡ ವಿದ್ಯಾರ್ಥಿಯ ಸ್ಥಿತಿಯಿಂದ ಮಂತ್ರಿಪದವಿಯವರೆಗೆ ಏರುತ್ತಾನೆ. ಕ್ವಿಕ್ಸೋಟನು ಮರಣಶಯ್ಯೆಯಲ್ಲಿ ತನ್ನ ಭ್ರಮೆಯನ್ನು ತೊರೆಯುತ್ತಾನೆ. ಆ ಬದಲಾವಣೆಗಳಿಗೆ ಕಾರಣವು ಕಥೆಯೊಳಗೇ ಇದೆ. ಆದುದರಿಂದ ನಾವು ಒಪ್ಪುತ್ತೇವೆ. ಕಾರಣವು ಲೇಖಕನ ಬೇಸರದಲ್ಲಿಯೋ ಹಣದ ಥೈಲಿಯಲ್ಲಿಯೋ ಇದ್ದಾಗ ವಾಚಕನ ನಂಬಿಕೆ ಸಡಿಲುತ್ತದೆ.

ಹಾಗೆಂದು ತಪ್ಪೆಲ್ಲವೂ ಲೇಖಕನದೇ ಎನ್ನುವುದು ನ್ಯಾಯವಲ್ಲ. ಹೋಮ್ಸನನ್ನು ಮರಳಿ ಕೊಡೆಂದು ಹತ್ತು ವರ್ಷ ಕಾಡಿದವರು ವಾಚಕರೇ. ಮುಗಿದ ಕಥೆಯನ್ನು ಮುಗಿಯಗೊಡದೆ ಮತ್ತೂ ಒಂದು ಬೇಕೆಂದು ಕೇಳುವಾಗ, ಬರುವವನು ಮೊದಲಿನವನೇ ಆಗಿರಲಾರನೆಂಬುದನ್ನೂ ನಾವು ಒಪ್ಪಿಕೊಂಡೇ ಕೇಳಬೇಕು.