ಬಾಗಿಲಿಗೆ ಒಂದು ಹಣ, ಬೆಳುಗುಳಕ್ಕೆ ಇಪ್ಪತ್ತು ಆಳು

ಮಾನ್ವಿಯ ಒಂದು ಕಾಲೇಜಿನಲ್ಲಿ ಶಾಸನಗಳ ಬಗ್ಗೆ ಮಾತಾಡಲು ಕರೆದಿದ್ದರು. ಇಂಥ ಕಡೆ ಹೋದಾಗ ನಾನು ತಪ್ಪದೆ ಒಯ್ಯುವ ಶಾಸನಪಾಠ ಒಂದಿದೆ: ಶ್ರವಣಬೆಳಗೊಳದ ಭಂಡಾರಿ ಬಸ್ತಿಯಲ್ಲಿರುವ, ಶಕ 1290 ಕೀಲಕ ಸಂವತ್ಸರದ, ಅಂದರೆ ಕ್ರಿ.ಶ. 1368ರ ಬುಕ್ಕರಾಯನ ಶಾಸನ. ಮತಸಾಮರಸ್ಯದ ಶಾಸನ ಎಂದೇ ನಾವೆಲ್ಲ ಅದನ್ನು ಪಾಠ ಮಾಡಿಕೊಂಡು ಬಂದಿದ್ದೇವೆ. ನಾನೂ ಇಪ್ಪತ್ತು ವರ್ಷ ಹಾಗೆಯೇ ಹೇಳಿದವನು. ಅವತ್ತು ಪಾಠದ ಜೆರಾಕ್ಸ್ ಹಂಚಿದ್ದೆ. ಮಾತು ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

‘ಸರ್, ಇಲ್ಲಿ ಜಾಂಬವಕುಲ ಅಂತ ಐತಲ್ರೀ, ಅದು ನಾವ ಅಲ್ರೀ?’

‘ಹೌದಪ್ಪ, ಹಂಗ ಅರ್ಥ ಮಾಡ್ತಾರ’ ಅಂದೆ.

‘ಹಂಗಾದ್ರ ಆವಾಗ ಇನ್ನೊಬ್ರ ಕಾವಲಿಗೆ ನಾವೂ ನಿಂತೀವಿ. ಆ ಕಾವಲಿಗೆ ರೊಕ್ಕ ಯಾರು ಕೊಟ್ರು ಸರ್?’

ರಾಜನೇ ಕೊಟ್ಟಿರಬೇಕು ಎಂಬ ಧಾಟಿಯಲ್ಲಿ ಏನೋ ಹೇಳಿ ಕೂತುಬಿಟ್ಟೆ. ರಾಯಚೂರಿಗೆ ವಾಪಸು ಬಂದು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಎರಡನೆಯ ಸಂಪುಟ ತೆಗೆದೆ. ನರಸಿಂಹಾಚಾರ್ಯರ 1923ರ ಪರಿಷ್ಕರಣದಲ್ಲಿ ಇದು 344ನೆಯ ಶಾಸನ. ಓದಿದೆ. ಕೊಟ್ಟವನು ರಾಜನಲ್ಲ.

ಮೊದಲು ಸಂಗತಿ ಏನು ಎಂದು ನೋಡೋಣ. ಜೈನರಿಗೂ ಭಕ್ತರಿಗೂ, ಅಂದರೆ ಶ್ರೀವೈಷ್ಣವರಿಗೂ, ಜಗಳವಾಯಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ನಾಡುಗಳ ಭವ್ಯಜನರು ಬುಕ್ಕರಾಯನ ಬಳಿ ಹೋಗಿ, ಭಕ್ತರು ಮಾಡುತ್ತಿರುವ ಅನ್ಯಾಯಗಳನ್ನು ಬಿನ್ನವಿಸಿಕೊಂಡರು. ಶಾಸನ ‘ಅನ್ಯಾಯ’ ಎಂಬ ಪದವನ್ನೇ ಬಳಸುತ್ತದೆ, ಮುಚ್ಚುಮರೆ ಇಲ್ಲ. ಪಟ್ಟಿಯಲ್ಲಿ ಮೊದಲು ಬರುವ ಆನೆಗೊಂದಿ 1997ರವರೆಗೆ ನಮ್ಮ ರಾಯಚೂರು ಜಿಲ್ಲೆಯ ಗಂಗಾವತಿ ತಾಲೂಕಿನಲ್ಲೇ ಇತ್ತು. ಹಾಗಾಗಿ ಆ ದೂರುದಾರರಲ್ಲಿ ಕೆಲವರು ನಮ್ಮ ಹಳೇ ಜಿಲ್ಲೆಯವರು ಎಂದರೆ ತಪ್ಪಿಲ್ಲ. ರಾಯಚೂರು, ಮಾನ್ವಿ, ದೇವದುರ್ಗಗಳ ದೋಆಬಿನ ಕಥೆ ಬೇರೆ. ಅದು ವಿಜಯನಗರ–ಬಹಮನಿಗಳ ನಡುವಿನ ಎಳೆದಾಟದ ನೆಲ. ಈ ಶಾಸನಕ್ಕೆ ಎರಡು ವರ್ಷ ಮೊದಲು, 1366ರಲ್ಲಿ, ಮುದಗಲ್ಲಿಗಾಗಿ ಯುದ್ಧ ನಡೆದಿತ್ತು. ಉತ್ತರದ ಗಡಿ ಹಾಗೆ ಉರಿಯುತ್ತಿರುವಾಗ ರಾಜ್ಯದೊಳಗೆ ಎರಡು ಸಮಯಗಳು ಬಡಿದಾಡುವುದು ಯಾವ ಅರಸನಿಗೂ ಬೇಡವಾದದ್ದೇ. ಬುಕ್ಕನ ಧರ್ಮಬುದ್ಧಿಯ ಜೊತೆ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ರಾಜ ಜೈನರ ಕೈಯನ್ನು ಹಿಡಿದು ಹದಿನೆಂಟು ನಾಡಿನ ಶ್ರೀವೈಷ್ಣವರ ಕೈಯಲ್ಲಿ ಕೊಟ್ಟ. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರಿಂದ ಹಿಡಿದು ತಿರುಕುಲ, ಜಾಂಬವಕುಲದವರೆಗೆ ಆ ಸಭೆಯ ಪಟ್ಟಿ ಇದೆ. ವೈಷ್ಣವದರ್ಶನಕ್ಕೂ ಜೈನದರ್ಶನಕ್ಕೂ ಭೇದವಿಲ್ಲ, ಜೈನರಿಗೆ ಪಂಚಮಹಾವಾದ್ಯವೂ ಕಳಶವೂ ಸಲ್ಲುತ್ತವೆ ಎಂದು ತೀರ್ಪಾಯಿತು. ತಮಾಷೆ ಎಂದರೆ ಇದೇ ಶಾಸನ ಶುರುವಾಗುವುದು ರಾಮಾನುಜರ ಸ್ತುತಿಯಿಂದ. ಆ ಶ್ಲೋಕದಲ್ಲಿ ಅವರು ಪಾಷಂಡರೆಂಬ ಸಮುದ್ರಕ್ಕೆ ಬಡಬಾಗ್ನಿ! ಜೈನರ ರಕ್ಷಣೆಯ ಶಾಸನದ ನೆತ್ತಿಯ ಮೇಲೆ ಈ ಮಾತು. ಬರೆಸಿದವರು ಯಾರ ಕಡೆಯವರು ಎಂಬುದಕ್ಕೆ ಇನ್ನು ಬೇರೆ ಸಾಕ್ಷಿ ಬೇಡ.

ನಾವು ಸಾಮಾನ್ಯವಾಗಿ ಪಾಠ ನಿಲ್ಲಿಸುವುದು ಇಲ್ಲಿಗೇ. ಹುಡುಗನ ಪ್ರಶ್ನೆಗೆ ಉತ್ತರ ಇರುವುದು ಮುಂದಿನ ಸಾಲುಗಳಲ್ಲಿ.

ಸಮಸ್ತ ರಾಜ್ಯದ ಜೈನರು ‘ಬಾಗಿಲುಗಟ್ಟಳೆ’ಯಾಗಿ, ಅಂದರೆ ಬಾಗಿಲಿಗೆ ಇಷ್ಟು ಎಂಬ ಲೆಕ್ಕದಲ್ಲಿ, ಮನೆಗೆ ವರ್ಷಕ್ಕೆ 1 ಹಣ ಕೊಡಬೇಕು. ಎತ್ತುವವರು ತಿರುಮಲೆಯ ತಾತಯ್ಯ, ವೈಷ್ಣವರ ಮುಖಂಡ. ಆ ಹೊನ್ನಿನಿಂದ ಬೆಳುಗುಳದ ದೇವರ ‘ಅಂಗರಕ್ಷೆ’ಗೆ ಇಪ್ಪತ್ತು ಆಳುಗಳನ್ನು ಇಡಬೇಕು, ಮಿಕ್ಕದ್ದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ‘ಸೊದೆ’ ಹಾಕಿಸಬೇಕು. ಸೊದೆ ಎಂದರೆ ಸುಣ್ಣ. ಇಷ್ಟೆಲ್ಲ ಭವ್ಯಜನರ ‘ಅನುಮತ’ದಿಂದ ಆಯಿತು ಎಂದೂ ಬರೆದಿದೆ.

ಅಂದರೆ ಅನ್ಯಾಯ ಅನುಭವಿಸಿದವರೇ ಕಾವಲಿನ ಖರ್ಚು ಕೊಟ್ಟರು. ಅನ್ಯಾಯ ಮಾಡಿದವರ ಕಡೆಯ ಹಿರಿಯನೇ ಅದನ್ನು ವಸೂಲಿ ಮಾಡಿ ಆಳುಗಳನ್ನು ನೇಮಿಸಿದ. ಹೆದರಿ ಬಂದವರು ಕೊಟ್ಟ ಅನುಮತ ಎಷ್ಟರ ಮಟ್ಟಿಗಿನದು ಎಂದು ಆನೆಗೊಂದಿಯ ಒಬ್ಬ ಬಣಜಿಗನ ಮನೆಬಾಗಿಲಲ್ಲಿ ನಿಂತು ಯೋಚಿಸಿದರೆ ತಿಳಿದೀತು. ಅವನು ಹಣ ಕೊಟ್ಟದ್ದು ತನ್ನ ಬಾಗಿಲಿಂದ, ಆಳು ನಿಂತದ್ದು ದೂರದ ಬೆಳುಗುಳದಲ್ಲಿ.

ಆದರೂ ಈ ಶಾಸನವನ್ನು ಬರೀ ಸುಲಿಗೆ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಜೈನದರ್ಶನಕ್ಕೆ ಭಕ್ತರಿಂದ ಹಾನಿಯಾದರೆ ಅದನ್ನು ವೈಷ್ಣವಕ್ಕೇ ಆದ ಹಾನಿ ಎಂದು ತಿಳಿದು ಪಾಲಿಸಬೇಕು, ಈ ಕಟ್ಟಳೆ ಮೀರಿದವನು ರಾಜದ್ರೋಹಿ, ಸಂಘ ಸಮುದಾಯಗಳಿಗೆ ದ್ರೋಹಿ ಎಂದು ಅದರಲ್ಲಿದೆ. ಖರ್ಚು ದುರ್ಬಲರ ಮೇಲೆ, ಹೊಣೆ ಬಲವಂತರ ಮೇಲೆ. ಇಡೀ ರಾಜ್ಯಕ್ಕೆ ಇಪ್ಪತ್ತು ಆಳು ಯಾವ ಲೆಕ್ಕ? ನಿಜವಾದ ಕಾವಲು ಈ ಹೊಣೆಯ ಮಾತಿನಲ್ಲೇ ಇತ್ತು ಎಂಬುದು ನನ್ನ ಓದು.

ಈ ಲೆಕ್ಕ ಬದಲಾಗಲು ಬಹಳ ಕಾಲ ಹಿಡಿಯಿತು. ಬ್ರಿಟಿಷರ 1861ರ ಪೊಲೀಸ್ ಕಾಯ್ದೆಯ 15ನೆಯ ಕಲಮು ಗಲಭೆಯ ಸೀಮೆಗೆ ಹೆಚ್ಚುವರಿ ಪೊಲೀಸರನ್ನು ಹಾಕಿ, ಖರ್ಚನ್ನು ಅಲ್ಲಿನ ನಿವಾಸಿಗಳ ಮೇಲೆಯೇ ಹೇರುತ್ತಿತ್ತು (ರಾಯಚೂರು ಆಗ ನಿಜಾಮರದು, ಆ ಮಾತು ಬೇರೆ). ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಗೆ 1976ರಲ್ಲಿ ಸೇರಿದ 10ಎ ಕಲಮು ಸಾಮೂಹಿಕ ದಂಡವನ್ನು ಅಸ್ಪೃಶ್ಯತೆಯ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟ ಊರವರ ಕಡೆಗೆ ತಿರುಗಿಸಿತು. ಪರಿಶಿಷ್ಟ ಜಾತಿ ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆ, ಅದರ 1995ರ ನಿಯಮಗಳು ಬಂದ ಮೇಲೆ ಪರಿಹಾರ, ಪುನರ್ವಸತಿಗೆ ರಾಜ್ಯ ಸರ್ಕಾರ ತನ್ನ ವಾರ್ಷಿಕ ಬಜೆಟ್ಟಿನಲ್ಲೇ ಹಣ ಇಡಬೇಕಾಯಿತು. 2016ರ ಜನವರಿಯಲ್ಲಿ ಜಾರಿಯಾದ ತಿದ್ದುಪಡಿಯ 15ಎ ಕಲಮಿನಲ್ಲಿ ಸಂತ್ರಸ್ತರ, ಸಾಕ್ಷಿದಾರರ ರಕ್ಷಣೆ ಸರ್ಕಾರದ ಕರ್ತವ್ಯವೆಂದು ನೇರವಾಗಿ ಬರೆಯಲಾಯಿತು. ಅಮೆರಿಕದಲ್ಲಿ ದಾಳಿಯ ಭಯವಿರುವ ಸಿನಗಾಗ್, ಮಸೀದಿ, ಗುರುದ್ವಾರಗಳ ಗೇಟಿಗೆ, ಕ್ಯಾಮೆರಾಕ್ಕೆ ಅಲ್ಲಿನ ಕೇಂದ್ರ ಸರ್ಕಾರ ಅನುದಾನ ಕೊಡುವುದೂ ಇದೇ ಜಾತಿಯ ಲೆಕ್ಕ. ಬೆಳುಗುಳದ ಇಪ್ಪತ್ತಾಳಿಗೆ ಈಗ ಖಜಾನೆಯಿಂದ ಸಂಬಳ ಎಂದುಕೊಳ್ಳಿ.

ಕಾಗದದ ಮೇಲೆ. ಮಾನ್ವಿಯ ಪ್ರಶ್ನೆ ಇನ್ನೂ ತಲೆಯಲ್ಲಿದ್ದಾಗಲೇ ಗಬ್ಬೂರಿನ ಗುಡಿಗಳನ್ನು ನೋಡಿಕೊಂಡು ದೇವದುರ್ಗದಿಂದ ಬಂದ ಬಸ್ಸು ಹತ್ತಿದ್ದೆ. ಪಕ್ಕದಲ್ಲಿ ಒಬ್ಬ ಮುದುಕಿ. ‘ಎಲ್ಲಿಗಿ ಹೊಂಟೀರವ್ವಾ?’ ಅಂದೆ. ರಾಯಚೂರಿನ ಕೋರ್ಟಿಗೆ, ಮಗನ ಮೇಲಾದ ಹಲ್ಲೆಯ ಕೇಸಿನಲ್ಲಿ ಸಾಕ್ಷಿ ಹೇಳಲು. ಟಿಕೆಟನ್ನು ಮಡಚಿ ಒಂದು ಪ್ಲಾಸ್ಟಿಕ್ ಚೀಲದಲ್ಲಿಟ್ಟಳು. ಅದರಲ್ಲಿ ಹಳೆಯ ಟಿಕೆಟುಗಳ ದೊಡ್ಡ ಗಂಟೇ ಇತ್ತು. ‘ಇವನ್ನ ತೋರ್ಸಿದ್ರ ರೊಕ್ಕ ಕೊಡ್ತಾರಂತ್ರೀ. ಇನ್ನಾ ಕೊಟ್ಟಿಲ್ಲ. ಕೂಲೀನೂ ಹೋತು.’ 11ನೆಯ ನಿಯಮದ ಪ್ರಕಾರ ಸಾಕ್ಷಿದಾರರಿಗೆ ಪ್ರಯಾಣದ ಖರ್ಚು, ಕೃಷಿ ಕಾರ್ಮಿಕರ ಕನಿಷ್ಠ ಕೂಲಿಗೆ ಕಡಿಮೆಯಾಗದ ದಿನಭತ್ಯೆ, ಅದೂ ತಕ್ಷಣ ಇಲ್ಲವೇ 3 ದಿನದೊಳಗೆ, ಸಿಗಬೇಕು. ಹೆಣ್ಣುಮಗಳಾದರೆ ತನಗೆ ಬೇಕಾದ ಒಬ್ಬರನ್ನು ಜೊತೆಗೆ ಕರೆತರಬಹುದು, ಅವರ ಖರ್ಚೂ ಸರ್ಕಾರದ್ದೇ. ಇದನ್ನೆಲ್ಲ ಹೇಳಿದೆ. ಆಕೆ ನಕ್ಕು, ‘ಜತೀಗಿ ಬರಾಕ ಯಾರು ಧೈರ್ಯ ಮಾಡ್ತಾರ್ರೀ’ ಅಂದಳು. ಆ ಗಂಟು ನೋಡಿದಾಗ ನನಗೆ ಬಾಗಿಲುಗಟ್ಟಳೆಯೇ ನೆನಪಾಯಿತು. ಕಾವಲಿನ ಹಣ ಇವತ್ತಿಗೂ ಮೊದಲು ಹೊರಡುವುದು ಆಕೆಯ ಬಾಗಿಲಿಂದಲೇ.

ಇನ್ನು ಹುಡುಗನ ಮೊದಲ ಪ್ರಶ್ನೆ. ತಿರುಕುಲ, ಜಾಂಬವಕುಲ ಎಂದರೆ ಹೊಲೆಯರು, ಮಾದಿಗರು ಎಂದು ನರಸಿಂಹಾಚಾರ್ಯರೇ ಅರ್ಥ ಕೊಟ್ಟಿದ್ದಾರೆ. ಆಚಾರ್ಯರ ಜೊತೆ ಒಂದೇ ಪಟ್ಟಿಯಲ್ಲಿ ಬಂದ ಮಾತ್ರಕ್ಕೆ ಊರೊಳಗೆ ಮನೆ ಸಿಕ್ಕಿತು ಎಂದು ತಿಳಿಯಬೇಕಿಲ್ಲ. ಆದರೆ ಜೈನರ ಕೈ ಹಿಡಿದುಕೊಂಡ ಕೈಗಳಲ್ಲಿ ಅವರದೂ ಒಂದು ಎಂಬುದು ಕಲ್ಲಿನಲ್ಲಿದೆ. ಇವತ್ತು ಅದೇ ಕುಲದವರು ರಕ್ಷಣೆ ಬೇಡುವ ಕಡೆಗಿದ್ದಾರೆ.

ರಾಜ್ಯದ ಬಸ್ತಿಗಳಲ್ಲೆಲ್ಲ ವೈಷ್ಣವರೇ ಈ ಶಾಸನವನ್ನು ನೆಡಬೇಕೆಂದು ಅಪ್ಪಣೆಯಾಗಿತ್ತು. ಮಾಗಡಿ ತಾಲೂಕಿನ ಕಲ್ಯದಲ್ಲಿ, ಶಾಸನದ ಕಲ್ಲೆಹದಲ್ಲಿ, ಒಂದು ಪ್ರತಿ ಇದೆ. ಅದೇ ಊರಿನ ಬುಸುವಿಸೆಟ್ಟಿ ಮುಂದೆ ಬುಕ್ಕರಾಯನಿಗೆ ಮತ್ತೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಕರೆಸಿ ಜೀರ್ಣೋದ್ಧಾರ ಮಾಡಿಸಿದ. ಎರಡೂ ಸಮಯದವರು ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರು. ಬೆಳುಗುಳದ ಕಲ್ಲಿಗೆ ಆಮೇಲೆ ಸೇರಿಸಿದ ಸಾಲುಗಳಲ್ಲಿ ಇದಿದೆ. ಒಮ್ಮೆ ಅಪ್ಪಣೆಯಾದದ್ದಕ್ಕೂ ಒಬ್ಬರು ಎರಡನೇ ಸಲ ಹೋಗಿ ಕೇಳಬೇಕಾಯಿತು.

ಹುಡುಗನಿಗೆ ಇಷ್ಟನ್ನೂ ಬರೆದು, ಹಣದ ಸಾಲುಗಳ ಕೆಳಗೆ ಗೆರೆ ಎಳೆದು ಜೆರಾಕ್ಸ್ ಕಳಿಸಿದ್ದೇನೆ. 11ನೆಯ ನಿಯಮದ ಕನ್ನಡ ಪ್ರತಿಯನ್ನೂ ಜೊತೆಗಿಟ್ಟೆ. ಮೊನ್ನೆ ಫೋನು ಮಾಡಿದ್ದ: ‘ಸರ್, ಎರಡನೇದು ಇನ್ನೊಂದು ನಾಲ್ಕು ಕಾಪಿ ಬೇಕಾಗ್ಯಾವ್ರೀ.’