ಒಡೆದ ಹಿಮ್ಮಡಿಗೆ ಬಿಸಿ ಉಪ್ಪುನೀರು: ಎಲ್ಲರಿಗೂ ಆಗದು

“ಬಿಸಿನೀರಿಗೆ ಉಪ್ಪು, ನಿಂಬೆರಸ, ಅಡುಗೆ ಸೋಡಾ ಹಾಕಿ ಅರ್ಧ ಗಂಟೆ ಕಾಲಿಡಿ, ಒಡೆದ ಹಿಮ್ಮಡಿ ಸರಿಹೋಗುತ್ತದೆ” ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ಇದು ಅರ್ಧ ನಿಜ. ನೆನೆದ ಚರ್ಮ ಮೆತ್ತಗಾಗುತ್ತದೆ. ಆದರೆ ಅಂಗಾಲಿನಲ್ಲಿ ಎಣ್ಣೆ ಗ್ರಂಥಿಗಳೇ ಇಲ್ಲ; ನೆನೆಸಿ ಹಾಗೇ ಬಿಟ್ಟರೆ ಇನ್ನಷ್ಟು ಒಣಗುತ್ತದೆ. ನಿಂಬೆರಸ ಬಿರುಕಿಗೆ ತಾಗಿದರೆ ಉರಿ. ಸೋಡಾ ಸೇರಿದಾಗ ಏಳುವ ನೊರೆ ಬರೀ ಕಾರ್ಬನ್ ಡೈಆಕ್ಸೈಡ್, ಔಷಧವಲ್ಲ.

ಉಗುರುಬೆಚ್ಚಗಿನ ನೀರಿನಲ್ಲಿ 10 ನಿಮಿಷ ಸಾಕು. ಒರೆಸಿದ ಕೂಡಲೇ ಪೆಟ್ರೋಲಿಯಂ ಜೆಲ್ಲಿ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ, ಕಾಲುಚೀಲ ಹಾಕಿ ಮಲಗಿ. ಬೆರಳ ಸಂದಿಗೆ ಹಚ್ಚಬೇಡಿ. ತುಂಬಾ ಗಟ್ಟಿಯಾಗಿದ್ದರೆ ಯೂರಿಯಾ ಇರುವ ಕ್ರೀಮ್ ಒಳ್ಳೆಯದು (ಮೆಡಿಕಲ್ ಶಾಪಿನದು, ಗೊಬ್ಬರದ ಅಂಗಡಿಯದಲ್ಲ!).

ಆದರೆ ಸಕ್ಕರೆ ಕಾಯಿಲೆ ಇರುವವರಿಗೆ ಈ ಸಂದೇಶ ಕಳಿಸಲೇಬೇಡಿ. ವರ್ಷಗಟ್ಟಲೆ ಸಕ್ಕರೆ ಹೆಚ್ಚಿದ್ದರೆ ಪಾದದ ನರಗಳಿಗೆ ಹಾನಿಯಾಗಿ, ನೀರು ಸುಡುತ್ತಿದ್ದರೂ ಗೊತ್ತಾಗದಿರಬಹುದು. ಬೊಬ್ಬೆ ಎದ್ದು, ಹುಣ್ಣು ವಾಸಿಯಾಗದೆ, ಬೆರಳನ್ನೋ ಪಾದವನ್ನೋ ತೆಗೆಯುವ ಸ್ಥಿತಿ ಬರಬಹುದು. ಇಂಥವರು ಕಾಲು ನೆನೆಸುವುದೇ ಬೇಡ. ದಿನಾ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಲಿ. ಬಿರುಕಿನಲ್ಲಿ ರಕ್ತ, ಕೀವು ಕಂಡರೆ ಅರಿಶಿನ ಮೆತ್ತಿಕೊಂಡು ಕಾಯದೆ ಅದೇ ದಿನ ವೈದ್ಯರಿಗೆ ತೋರಿಸಲಿ.