ಕಾಲಜ್ಞಾನದಿಂದ ತ್ರಿಪದಿಯವರೆಗೆ: ಹಳ್ಳಿಯ ಕ್ರೈಸ್ತ ಬೋಧಕರ ಪರಂಪರೆ ಮತ್ತು ರೆವರೆಂಡ್ ಉತ್ತಂಗಿ ಚನ್ನಪ್ಪನವರು

1. ಕೇಳಿ ಬಲ್ಲ ನಾಡು

ಕೃಷ್ಣಾ ಮತ್ತು ಭೀಮಾ ನದಿಗಳ ಆಸರೆಯಲ್ಲಿರುವ ಯಾದಗಿರಿ, ಶಹಾಪುರ, ಸುರಪುರ ಸೀಮೆಗೆ ಊರೂರು ತಿರುಗಿ ಬೋಧಿಸುವ ವ್ಯಕ್ತಿ ಹೊಸಬನಲ್ಲ. ಕ್ರೈಸ್ತ ಬೋಧಕನು ಇಲ್ಲಿಗೆ ಬರುವುದಕ್ಕೆ ಶತಮಾನಗಳ ಮುಂಚೆಯೇ ಜಂಗಮ, ದಾಸ, ಆರೂಢ, ಫಕೀರರು ಈ ಊರುಗಳ ಕಟ್ಟೆಗಳ ಮೇಲೆ ಕುಳಿತು ಮಾತನಾಡಿದ್ದರು. ಕೊಡೇಕಲ್ಲಿನಲ್ಲಿ ಬಸವಣ್ಣನ ಹೆಸರಿನ ಕಾಲಜ್ಞಾನ ಪರಂಪರೆ ಬೆಳೆಯಿತು. ಮುಂದಾಗುವುದನ್ನು ಒಗಟಿನಂತೆ ನುಡಿಯುವ ಆ ವಚನಗಳನ್ನು ಕಾಪಿಡಲು ಅಮರಗನ್ನಡವೆಂಬ ಬೇರೆ ಲಿಪಿಯನ್ನೇ ಬಳಸಲಾಯಿತು. ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ ಮೌನೇಶ್ವರನು ಹಿಂದೂ ಮುಸ್ಲಿಂ ಜನರಿಬ್ಬರಿಗೂ ಗುರುವಾದನು. ಅವನ ಜಾತ್ರೆಯ ಜಯಘೋಷದಲ್ಲಿ ಇಂದಿಗೂ ಎರಡೂ ಕಡೆಯ ನುಡಿ ಬೆರೆತು ಕೇಳಿಸುತ್ತದೆ.

ಆದುದರಿಂದ ಈ ಭಾಗದಲ್ಲಿ ಹೊಸ ಧರ್ಮದ ಮಾತನ್ನು ತಂದವರು ಬರಿದಾದ ನೆಲದಲ್ಲಿ ಬೀಜ ಬಿತ್ತಿದರೆಂದು ತಿಳಿಯುವುದು ಸರಿಯಲ್ಲ. ಅವರು ಎದುರಿಸಿದ್ದು ಕೇಳುವುದನ್ನೂ, ಕೇಳಿದುದನ್ನು ಒರೆಗೆ ಹಚ್ಚುವುದನ್ನೂ ಬಲ್ಲ ಜನರನ್ನು. ಮತ್ತೆ ಬರುವ ಗುರುವನ್ನು ಕಾಯುವುದು ಈ ಜನರ ನಂಬಿಕೆಯಲ್ಲಿಯೇ ಇತ್ತು. ಬಂದವನೆಲ್ಲ ಆ ಗುರುವಲ್ಲವೆಂಬ ಎಚ್ಚರವೂ ಇತ್ತು. ಬೋಧಕನ ಜೀವನವನ್ನು ಅವನ ಸಂಸ್ಥೆಯ ವರದಿಯಿಂದಷ್ಟೇ ಅಳೆಯದೆ, ಅವನು ಈ ಜನರ ನುಡಿಯನ್ನು ಎಷ್ಟರಮಟ್ಟಿಗೆ ಕಲಿತನೆಂಬುದರಿಂದಲೂ ಅಳೆಯಬೇಕಾಗುತ್ತದೆ. ಉತ್ತರ ಕರ್ನಾಟಕದಲ್ಲಿ ಈ ಕಲಿಕೆ ಎಲ್ಲಿ ಎಡವಿತು, ಎಲ್ಲಿ ಫಲಿಸಿತು ಎಂಬುದನ್ನು ಗುರುತಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಅದಕ್ಕೆ ಮುಖ್ಯ ನಿದರ್ಶನ ರೆವರೆಂಡ್ ಉತ್ತಂಗಿ ಚನ್ನಪ್ಪನವರ (1881–1962) ಬದುಕು.

2. ಕೇರಿಯ ಬೋಧಕ ಮತ್ತು ಅವನ ಮಡದಿ

ಸುರಪುರವು ಬೇಡರ ನಾಯಕರ ಸಂಸ್ಥಾನವಾಗಿತ್ತು. ಹತ್ತೊಂಬತ್ತನೆಯ ಶತಮಾನದ ನಡುವೆ ಅಲ್ಲಿ ಆಡಳಿತ ನಡೆಸಿದ ಫಿಲಿಪ್ ಮೆಡೋಸ್ ಟೇಲರ್ ಆ ಸೀಮೆಯ ಬೃಹತ್ ಶಿಲಾಸಮಾಧಿಗಳನ್ನೂ ಜನಜೀವನವನ್ನೂ ಕುರಿತು ಬರೆದಿಟ್ಟನು. ರಾಜಾ ವೆಂಕಟಪ್ಪ ನಾಯಕನು 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಸೋತು ಪ್ರಾಣ ಕಳೆದುಕೊಂಡ ಮೇಲೆ, 1860ರಲ್ಲಿ ಸಂಸ್ಥಾನವು ಹೈದರಾಬಾದಿನ ನಿಜಾಮನ ವಶವಾಯಿತು. ಅಂದಿನಿಂದ 1948ರ ಸೆಪ್ಟೆಂಬರಿನವರೆಗೆ ಈ ಭಾಗದ ಕಚೇರಿಯ ಭಾಷೆ ಜನರ ಭಾಷೆಯಾಗಿರಲಿಲ್ಲ. ಮೊದಲು ಪಾರಸಿ, ಆಮೇಲೆ ಉರ್ದು ಕಾಗದಪತ್ರಗಳಲ್ಲಿ ನಡೆಯಿತು. ಕನ್ನಡವು ಹೊಲ, ಸಂತೆ, ಮಠ, ಕೇರಿಗಳಲ್ಲಿ ಉಳಿಯಿತು.

ನಿಜಾಮ ರಾಜ್ಯದ ಈ ಕನ್ನಡ ಭಾಗದಲ್ಲಿ ಕೆಲಸ ಮಾಡಿದ ಪ್ರೊಟೆಸ್ಟೆಂಟ್ ಸಂಸ್ಥೆಗಳಲ್ಲಿ ಅಮೆರಿಕದ ಮೆಥೊಡಿಸ್ಟ್ ಎಪಿಸ್ಕೋಪಲ್ ಸಭೆ ಪ್ರಮುಖವಾದುದು. ಯಾದಗಿರಿಯ ಹೋಲ್ಸ್ಟನ್ ಆಸ್ಪತ್ರೆ ಆ ಪರಂಪರೆಗೆ ಸೇರಿದ್ದು. ಅದರ ಹೆಸರು ಅಮೆರಿಕದ ಟೆನ್ನೆಸ್ಸಿ ಸೀಮೆಯ ಮೆಥೊಡಿಸ್ಟ್ ಸಭಾ ಮಂಡಲದ ಹೆಸರು. ದೂರದೇಶದ ಸಣ್ಣ ಊರುಗಳ ಕಾಣಿಕೆ ಭೀಮಾ ತೀರದ ರೋಗಿಗೆ ತಲುಪಿದ ಬಗೆಯನ್ನು ಆ ಒಂದು ಹೆಸರು ಹೇಳುತ್ತದೆ.

ಮೆಥೊಡಿಸ್ಟರ ಪದ್ಧತಿಯಲ್ಲಿ ಒಬ್ಬ ಬೋಧಕನಿಗೆ ಒಂದು ಊರಲ್ಲ, ಊರುಗಳ ಒಂದು ಸುತ್ತು ವಹಿಸಲ್ಪಡುತ್ತಿತ್ತು. ಗಂಡನು ಸುತ್ತಿನ ಹಳ್ಳಿಗಳಿಗೆ ಹೋದಾಗ ಕೇರಿಯಲ್ಲಿ ಉಳಿದ ಮನೆಯೇ ಸಭೆಯಾಗುತ್ತಿತ್ತು. ಹುಡುಗಿಯರಿಗೆ ಅಕ್ಷರ ಹೇಳುವುದು, ಹೆಂಗಸರಿಗೆ ಕೀರ್ತನೆ ಕಲಿಸುವುದು, ಕಾಯಿಲೆಯವರನ್ನು ಕಾಣುವುದು ಬೋಧಕನ ಹೆಂಡತಿಯ ಪಾಲಿಗೆ ಬರುತ್ತಿತ್ತು. ಪರ ಗಂಡಸಿಗೆ ಪ್ರವೇಶವಿಲ್ಲದ ಅಡುಗೆಮನೆಗೂ ಬಾಣಂತಿಯ ಕೋಣೆಗೂ ಮಾತು ತಲುಪಿದ್ದು ಅವಳ ಮೂಲಕ. ಮಿಷನ್ ಸಂಸ್ಥೆಗಳೆಲ್ಲ ‘ಬೈಬಲ್ ಸ್ತ್ರೀ’ ಎಂಬ ಹುದ್ದೆಯನ್ನು ಏರ್ಪಡಿಸಿಕೊಂಡುದು ಈ ಅಗತ್ಯದಿಂದಲೇ. ಆದರೆ ವಾರ್ಷಿಕ ವರದಿಗಳಲ್ಲಿ ನೇಮಕವಾದವನ ಹೆಸರು ಬರುವುದು ವಾಡಿಕೆ. ಹೆಂಡತಿ ಸಾಮಾನ್ಯವಾಗಿ ಅವನ ಹೆಸರಿನ ನೆರಳಿನಲ್ಲಿಯೇ ಉಳಿದಳು.

ನಿಜಾಮ ರಾಜ್ಯದ ಹಳ್ಳಿಗಳಲ್ಲಿ ಕ್ರೈಸ್ತರಾದವರಲ್ಲಿ ಬಹುಪಾಲು ಮಾದಿಗ ಮತ್ತು ಹೊಲೆಯ ಸಮುದಾಯದವರು. ಅವರಿಗೆ ಹೊಸ ಧರ್ಮವೆಂದರೆ ಸಾಲಿನಲ್ಲಿ ಸಮನಾಗಿ ಕೂರುವುದು, ಮಗನ ಹೆಸರನ್ನು ಶಾಲೆಯ ಪಟ್ಟಿಯಲ್ಲಿ ಕಾಣುವುದು, ಸತ್ತವನಿಗೆ ಗೌರವದ ಮಣ್ಣು ದೊರೆಯುವುದು. ಈ ಆಯ್ಕೆಗೆ ಬೆಲೆಯೂ ಇತ್ತು. 1950ರ ರಾಷ್ಟ್ರಪತಿಗಳ ಆದೇಶವು ಪರಿಶಿಷ್ಟ ಜಾತಿಯ ಮಾನ್ಯತೆಯನ್ನು ಹಿಂದೂ ಧರ್ಮದವರಿಗೆ ಮಾತ್ರ ಸಾಮಾನ್ಯವಾಗಿ ಸೀಮಿತಗೊಳಿಸಿತು; 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು. ಕ್ರೈಸ್ತರಾದ ದಲಿತರು ಹೊರಗೇ ಉಳಿದರು. ಊರಿನ ದೃಷ್ಟಿಯಲ್ಲಿ ಕೇರಿ ಬದಲಾಗಲಿಲ್ಲ, ಕಾಗದದಲ್ಲಿ ಜಾತಿ ಬದಲಾಯಿತು. ಬೋಧಕ ದಂಪತಿಗಳ ಸೇವೆಯನ್ನು ಕುರಿತ ಯಾವ ಚರಿತ್ರೆಯೂ ಈ ಇಕ್ಕಟ್ಟನ್ನು ಬಿಟ್ಟು ಪೂರ್ಣವಾಗದು.

3. ಮಾಲಸಮುದ್ರದ ಪಾಠ

ನೆರೆಯ ಧಾರವಾಡ ಸೀಮೆಯಲ್ಲಿ ಬಾಸೆಲ್ ಮಿಷನ್ ಇದಕ್ಕಿಂತ ಮೊದಲೇ ನೆಲೆಯೂರಿತ್ತು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಈ ಸಂಸ್ಥೆ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ವಿಸ್ತರಿಸಿತು. 1840ರ ಸುಮಾರಿಗೆ ಕಾಲಜ್ಞಾನವನ್ನು ನಂಬಿದ ಲಿಂಗಾಯತ ಗುಂಪೊಂದು ಮಿಷನರಿಗಳನ್ನು ಅರಸಿ ಬಂದಿತು. ತಮ್ಮ ಗ್ರಂಥಗಳು ಹೇಳಿದ ಗುರುಗಳು ಇವರೇ ಇರಬಹುದೆಂಬುದು ಅವರ ಊಹೆ. ಹರ್ಮನ್ ಮೋಗ್ಲಿಂಗ್ ಮತ್ತು ಅವನ ಸಂಗಡಿಗರು ಸಾವಿರಾರು ಜನ ಒಮ್ಮೆಗೇ ಬರುವರೆಂದು ಹಿಗ್ಗಿದರು. ಅವರನ್ನು ನೆಲೆಗೊಳಿಸಲು ಗದಗ–ಬೆಟಗೇರಿಯ ಬಳಿ ಮಾಲಸಮುದ್ರದಲ್ಲಿ ವಸತಿಯೊಂದನ್ನು ಏರ್ಪಡಿಸಲಾಯಿತು. ನಿರೀಕ್ಷಿಸಿದ ಜನ ಬರಲಿಲ್ಲ. ಕಾಲಜ್ಞಾನಿಗಳು ಬಂದಂತೆಯೇ ಹಿಂದೆ ಸರಿದರು.

ಈ ಘಟನೆಯನ್ನು ಮಿಷನ್ ಚರಿತ್ರೆ ನಿರಾಸೆಯೆಂದು ಕರೆದಿದೆ. ಜಾನಪದದ ದೃಷ್ಟಿಯಿಂದ ನೋಡಿದರೆ ಇದು ತಪ್ಪಾದ ಓದು. ಕಾಲಜ್ಞಾನದ ನುಡಿ ಗಡುವು ಹಾಕಿದ ಕರಾರಲ್ಲ. ಬರಲಿರುವವನನ್ನು ಅದು ಪ್ರತಿ ತಲೆಮಾರಿಗೂ ಹೊಸದಾಗಿ ಕಾಯಿಸುತ್ತದೆ; ಇಂದಿನ ಕಷ್ಟವನ್ನು ತಾಳಿಕೊಳ್ಳುವ ಬಲವನ್ನು ಆ ಕಾಯುವಿಕೆಯಿಂದಲೇ ಕೊಡುತ್ತದೆ. ಕಾಯುವಿಕೆ ಮುಗಿಯಿತೆಂದು ಯಾರಾದರೂ ಸಾರಿದರೆ ಪರಂಪರೆಯೇ ಮುಗಿದಂತೆ. ಹೊರಗಿನಿಂದ ಬಂದವರು ನುಡಿಯ ಅರ್ಥವನ್ನು ಹಿಡಿದರು, ಅದರ ಬಳಕೆಯನ್ನು ಹಿಡಿಯಲಿಲ್ಲ.

ಆದರೂ ಆ ಸೋಲು ವ್ಯರ್ಥವಾಗಲಿಲ್ಲ. ಜನರ ಮನಸ್ಸನ್ನು ಅರಿಯಬೇಕಾದರೆ ಅವರ ಪದ, ಪುರಾಣ, ಗಾದೆಗಳನ್ನು ಅರಿಯಬೇಕೆಂಬ ಹಾದಿಯಲ್ಲಿ ಮೋಗ್ಲಿಂಗ್ ದೂರ ನಡೆದನು. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಹೊರಡಿಸಿದನು. 1848ರಿಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಅಚ್ಚಿಗೆ ಬಂದವು. ಅವನ ಬಂಧುವೂ ಸಹೋದ್ಯೋಗಿಯೂ ಆದ ಗಾಟ್‌ಫ್ರೀಡ್ ವೈಗಲ್ 1855ರಲ್ಲಿ ತೀರಿಕೊಂಡ ಮೇಲೆ ಅವನ ವಿಧವೆ ಪೌಲಿನಾಳನ್ನು ಮೋಗ್ಲಿಂಗ್ ಮದುವೆಯಾದನು. ಕೊಡಗಿನ ಆನಂದಪುರದಲ್ಲಿ ಹೊಲೆಯ ಸಮುದಾಯದವರಿಗಾಗಿ ನಡೆದ ಸೇವೆಯ ವರ್ಷಗಳು ಇಬ್ಬರವೂ ಹೌದು. 1860ರಲ್ಲಿ ಅವರು ತಾಯ್ನಾಡಿಗೆ ಹಿಂದಿರುಗಿದರು. ಮಿಷನರಿಯ ಮದುವೆಗೆ ಬಾಸೆಲ್ಲಿನ ಸಮಿತಿಯ ಒಪ್ಪಿಗೆ ಬೇಕಾಗಿದ್ದ ಕಾಲವದು. ಸಾವು, ಮರುಮದುವೆ, ಸ್ಥಳಾಂತರ ಎಲ್ಲವೂ ಸೇವೆಯ ಲೆಕ್ಕದಲ್ಲಿ ಸೇರಿಹೋಗಿದ್ದ ಹೆಣ್ಣಿನ ಬದುಕಿಗೆ ಪೌಲಿನಾ ಒಂದು ಉದಾಹರಣೆ.

4. ಉತ್ತಂಗಿಯವರ ದಾರಿ

ಮೋಗ್ಲಿಂಗ್ ಹೊರಗಿನಿಂದ ಒಳಬರಲು ಪ್ರಯತ್ನಿಸಿದವನು. ಉತ್ತಂಗಿಯವರು ಒಳಗೇ ಹುಟ್ಟಿದವರು. 1881ರ ಅಕ್ಟೋಬರ್ 28ರಂದು ಧಾರವಾಡದಲ್ಲಿ ಜನಿಸಿದ ಅವರ ಮನೆತನದ ಹೆಸರು ಹೂವಿನಹಡಗಲಿ ಸೀಮೆಯ ಉತ್ತಂಗಿ ಗ್ರಾಮದಿಂದ ಬಂದುದು. ಪೂರ್ವಜರು ಲಿಂಗಾಯತರಾಗಿದ್ದು ಕ್ರೈಸ್ತಮತವನ್ನು ಸ್ವೀಕರಿಸಿದವರು. ಧಾರವಾಡದ ಶಿಕ್ಷಣದ ಬಳಿಕ ಮಂಗಳೂರಿನ ಬಾಸೆಲ್ ಮಿಷನ್ ದೇವಜ್ಞಾನ ಶಾಲೆಯಲ್ಲಿ ಓದಿ, ಅವರು ಉತ್ತರ ಕರ್ನಾಟಕದ ಸಭೆಗಳಲ್ಲಿ ಬೋಧಕರಾಗಿ ದುಡಿದರು. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದ ನಂತರ ಜರ್ಮನ್ ಮಿಷನರಿಗಳು ಸೆರೆಯಾದರು, ದೇಶ ಬಿಡಬೇಕಾಯಿತು. ಸಭೆಗಳ ಭಾರ ದೇಶೀಯ ಬೋಧಕರ ಹೆಗಲಿಗೆ ಬಂದಿತು. ಯಾರ ಮಾತಿನಲ್ಲಿ ಬೋಧಿಸಬೇಕೆಂಬ ಪ್ರಶ್ನೆಗೆ ಆ ತಲೆಮಾರು ತಾನೇ ಉತ್ತರ ಹುಡುಕಬೇಕಾಯಿತು.

ಉತ್ತಂಗಿಯವರ ಉತ್ತರವನ್ನು ಅವರ ಕೃತಿಯೊಂದರ ಹೆಸರೇ ಸೂಚಿಸುತ್ತದೆ: ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’. ಇಲ್ಲಿ ಒಂದು ಪುಣ್ಯಕ್ಷೇತ್ರವು ಇನ್ನೊಂದನ್ನು ಜಯಿಸಲು ಹೊರಟಿಲ್ಲ. ಅದರ ಬಾಗಿಲಲ್ಲಿ ನಿಂತು ಬಿನ್ನವಿಸುತ್ತಿದೆ. ಬಿನ್ನಹವೆಂಬುದು ಶರಣರೂ ದಾಸರೂ ಬಳಸಿದ ಮಾತಿನ ಕ್ರಮ. ಹಾಗೆಂದು ಅವರು ತಮ್ಮ ನಂಬಿಕೆಯನ್ನು ಸಡಿಲಿಸಿದವರಲ್ಲ. ಕೊನೆಯವರೆಗೂ ಅವರು ಕ್ರಿಸ್ತನ ಸೇವಕರೇ. ಎದುರಿನವನ ನಂಬಿಕೆಯನ್ನು ಅಜ್ಞಾನವೆಂದು ಕರೆಯದೆಯೇ ತನ್ನದನ್ನು ಹೇಳಬಹುದೆಂಬುದನ್ನು ಅವರು ನಡೆದು ತೋರಿಸಿದರು.

ಬೋಧಕನ ಅಲೆದಾಟವೇ ಅವರಿಗೆ ಸಂಗ್ರಾಹಕನ ಅಲೆದಾಟವಾಯಿತು. ಸಂತೆ, ಜಾತ್ರೆ, ಹೊಲದ ಬದುಗಳಲ್ಲಿ ಮಾತು ನಿಲ್ಲುವ ಕಡೆ ರೈತನು ಸರ್ವಜ್ಞನ ತ್ರಿಪದಿಯೊಂದನ್ನು ಇಡುತ್ತಾನೆ. ವ್ಯಾಜ್ಯ ಅಲ್ಲಿಗೆ ತೀರುತ್ತದೆ. ಅಂತಹ ತ್ರಿಪದಿಗಳನ್ನು ಅವರು ಹಸ್ತಪ್ರತಿಗಳಿಂದಲೂ ಜನರ ಬಾಯಿಂದಲೂ ಕಲೆಹಾಕಿ, ವಿಷಯಾನುಗುಣವಾಗಿ ಜೋಡಿಸಿ 1924ರಲ್ಲಿ ‘ಸರ್ವಜ್ಞನ ವಚನಗಳು’ ಎಂಬ ಸಂಪುಟವನ್ನು ಪ್ರಕಟಿಸಿದರು. ಸುಮಾರು ಎರಡು ಸಾವಿರ ತ್ರಿಪದಿಗಳ ಆ ಸಂಪುಟ ಮುಂದಿನ ಸರ್ವಜ್ಞ ಅಧ್ಯಯನಕ್ಕೆಲ್ಲ ಬುನಾದಿಯಾಯಿತು.

ಈ ಸಂಪುಟದಲ್ಲಿ ಸರ್ವಜ್ಞನವೇ ಆದ ತ್ರಿಪದಿಗಳೆಷ್ಟು ಎಂಬ ಪ್ರಶ್ನೆಯನ್ನು ಮುಂದಿನ ವಿದ್ವಾಂಸರು ಎತ್ತಿದರು. ಎಲ್. ಬಸವರಾಜು ಅವರಂತಹ ಸಂಪಾದಕರು ಪಾಠಗಳನ್ನು ಮತ್ತೆ ಸೋಸಿದರು. ಗ್ರಂಥಸಂಪಾದನೆಯ ನೆಲೆಯಿಂದ ಈ ಪ್ರಶ್ನೆ ನ್ಯಾಯವಾದುದು. ಆದರೆ ಮೌಖಿಕ ಪರಂಪರೆಯಲ್ಲಿ ಅಂಕಿತವು ಒಡೆತನದ ಗುರುತು ಮಾತ್ರವಲ್ಲ. ಜನರು ತಮ್ಮ ಕಟುಸತ್ಯವನ್ನು ಆಡಲು ಒಂದು ಹೆಸರಿನ ಆಸರೆ ಪಡೆಯುತ್ತಾರೆ. ಸರ್ವಜ್ಞನೆಂಬ ಅಂಕಿತದಡಿ ಜಾತಿಯನ್ನೂ ಜಿಪುಣತನವನ್ನೂ ಕಪಟ ಗುರುವನ್ನೂ ಹಳಿದವರು ಹಲವರು. ಅವರೆಲ್ಲರ ದನಿಯನ್ನು ಉತ್ತಂಗಿಯವರ ಸಂಪುಟ ಒಂದೆಡೆ ತಂದಿತು. ಕಾವ್ಯದ ಕರ್ತೃವನ್ನು ಹುಡುಕುವವರಿಗೆ ಅದು ತೊಡಕು. ಜನರ ವಿವೇಕವನ್ನು ಹುಡುಕುವವರಿಗೆ ಅದು ಕಣಜ.

5. ಕಲಬುರಗಿ, 1949

ನಿಜಾಮ ಆಳ್ವಿಕೆ ಕೊನೆಗೊಂಡ ಮರುವರ್ಷ, 1949ರಲ್ಲಿ, ಕಲಬುರಗಿಯಲ್ಲಿ ಮೂವತ್ತೆರಡನೆಯ ಕನ್ನಡ ಸಾಹಿತ್ಯ ಸಮ್ಮೇಳನ ಸೇರಿತು. ಇದೇ ಊರಿನಲ್ಲಿ 1928ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿಯೂ, ರಾಯಚೂರಿನಲ್ಲಿ 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿಯೂ ಸಮ್ಮೇಳನಗಳು ಜರುಗಿದ್ದವು. ಆದರೆ ಅವು ಪರಭಾಷೆಯ ಆಡಳಿತದಡಿ ನಡೆದವು. ಈ ಬಾರಿ ಕನ್ನಡವು ತನ್ನ ಅಂಗಳದಲ್ಲಿ ತಾನೇ ಯಜಮಾನನಾಗುವ ಭರವಸೆಯಲ್ಲಿತ್ತು. ರಜಾಕಾರರ ಹಾವಳಿಯ ಗಾಯ, ಆ ಬಳಿಕದ ಹಗೆಯ ಬೇಗೆ ಎರಡೂ ಆರಿರದ ಆ ನಾಡು ಅಧ್ಯಕ್ಷ ಪೀಠದಲ್ಲಿ ಕೂರಿಸಿದ್ದು ಒಬ್ಬ ಕ್ರೈಸ್ತ ಬೋಧಕರನ್ನು. ಯಾದಗಿರಿ, ಶಹಾಪುರ, ಸುರಪುರಗಳು ಆಗ ಕಲಬುರಗಿ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ಧರ್ಮದ ಹೆಸರಿನಲ್ಲಿ ನೊಂದಿದ್ದ ಪ್ರದೇಶವೊಂದು ಧರ್ಮವನ್ನು ದಾಟಿ ನುಡಿಯನ್ನು ನೋಡಿತೆಂಬುದಕ್ಕೆ ಇದು ಸಾಕ್ಷಿಯಾಗಿದೆ.

ಅದೇ ಸೀಮೆಯ ಇನ್ನೊಂದು ಪ್ರಶ್ನೆ ಅವರನ್ನು ಮುಂದೆ ಹಿಡಿದು ನಿಲ್ಲಿಸಿತು. ಕಲ್ಯಾಣದಲ್ಲಿ ಅನುಭವಮಂಟಪವೆಂಬುದು ನಿಜವಾಗಿ ಇತ್ತೇ ಎಂದು ಕಪಟರಾಳ ಕೃಷ್ಣರಾಯರು ಸಂದೇಹಿಸಿದ್ದರು. ಉತ್ತಂಗಿಯವರು 1951ರಲ್ಲಿ ‘ಅನುಭವ ಮಂಟಪದ ಐತಿಹಾಸಿಕತೆ’ ಎಂಬ ಗ್ರಂಥವನ್ನು ಬರೆದು ಅದರ ಪರವಾಗಿ ವಾದಿಸಿದರು. ಶರಣರ ಸಭೆಯ ಚಾರಿತ್ರಿಕತೆಯನ್ನು ಎತ್ತಿಹಿಡಿಯಲು ಕ್ರೈಸ್ತ ಪಾದ್ರಿಯೊಬ್ಬರು ಲೇಖನಿ ಹಿಡಿದುದು ಆ ಕಾಲದ ಓದುಗರಿಗೆ ಸೋಜಿಗವೆನಿಸಿರಬೇಕು. ಅವರ ಬದುಕಿನ ಓಟವನ್ನು ಬಲ್ಲವರಿಗೆ ಅದು ಸಹಜ. ಜಾತಿ ಕುಲಗಳನ್ನು ಬದಿಗಿಟ್ಟು ಹೆಣ್ಣು ಗಂಡು ಕೂಡಿ ಕುಳಿತು ಮಾತನಾಡಿದ ಸಭೆಯಲ್ಲಿ ಅವರು ತಾವು ನಂಬಿದ ಸಭೆಯ ಹೋಲಿಕೆಯನ್ನು ಕಂಡಿದ್ದರೆ ಅಚ್ಚರಿಯಿಲ್ಲ. ವಚನಗಳ ಸಂಪಾದನೆಯಲ್ಲಿ ಅವರೊಂದಿಗೆ ಸಂ.ಶಿ. ಭೂಸನೂರಮಠರು ಕೈಜೋಡಿಸಿದರು. ‘ತಿರುಳ್ಗನ್ನಡದ ತಿರುಕ’ ಎಂದು ನಾಡು ಅವರನ್ನು ಕರೆಯಿತು. ಜೋಳಿಗೆ ಹಿಡಿದು ಬಂದವನಿಗೆ ಕಾಳು ನೀಡುವ ನಾಡಿನಲ್ಲಿ ಬೋಧಕನಿಗೆ ಇದಕ್ಕಿಂತ ದೊಡ್ಡ ಬಿರುದು ಸಿಗಲಾರದು. 1962ರ ಆಗಸ್ಟ್ 28ರಂದು ಅವರು ನಿಧನರಾದರು.

6. ಸಮಾರೋಪ

ಮಾಲಸಮುದ್ರದಲ್ಲಿ ಬೋಧಕನು ಜನರ ನುಡಿಯನ್ನು ತನ್ನ ಬರವಿನ ಮುನ್ಸೂಚನೆಯಾಗಿ ಓದಿದನು. ಎಂಟು ದಶಕಗಳ ಬಳಿಕ ಉತ್ತಂಗಿಯವರು ಅದನ್ನು ಜನರ ಸೊತ್ತಾಗಿ ಓದಿ, ಅಚ್ಚುಕಟ್ಟಾಗಿ ಜನರಿಗೇ ಹಿಂದಿರುಗಿಸಿದರು. ಮೊದಲನೆಯದು ಬೋಧಿಸುವ ಅವಸರ, ಎರಡನೆಯದು ಕೇಳುವ ತಾಳ್ಮೆ.

ಯಾದಗಿರಿ 2009ರ ಡಿಸೆಂಬರಿನಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಕೊಡೇಕಲ್ಲಿನ ಕಾಲಜ್ಞಾನ, ತಿಂಥಣಿಯ ವಚನ, ಸುರಪುರದ ನಾಯಕರ ಚರಿತ್ರೆಗಳ ಅಧ್ಯಯನ ನಡೆದಿದೆ. ಅವುಗಳ ಜೊತೆಗೆ ಕೇರಿಯ ಬೋಧಕ ದಂಪತಿಗಳ ಕೀರ್ತನೆ, ದಿನಚರಿ, ನೆನಪುಗಳೂ ಸಂಗ್ರಹಕ್ಕೆ ಬರಬೇಕು. ವಿಶೇಷವಾಗಿ ಆ ಹೆಂಗಸರು ಕಲಿಸಿದ ಹಾಡುಗಳು ಸೋಬಾನೆ, ಜೋಗುಳದ ಧಾಟಿಗಳನ್ನು ಎಷ್ಟು ಉಳಿಸಿಕೊಂಡವೆಂಬುದು ಕ್ಷೇತ್ರಕಾರ್ಯದಿಂದಲೇ ತಿಳಿಯಬೇಕಾದ ಸಂಗತಿ. ಆ ಧಾಟಿಯನ್ನು ಬಲ್ಲ ಮುದುಕಿಯರು ಇನ್ನೂ ಹಾಡಬಲ್ಲರಾದಾಗಲೇ ಆ ಕೆಲಸ ನಡೆಯಬೇಕು. ವರದಿಗಳು ಕಪಾಟಿನಲ್ಲಿ ಕಾಯುತ್ತವೆ, ದನಿ ಕಾಯುವುದಿಲ್ಲ.